ಕೊಬ್ಬರಿಯೊಳಗಿನ ಕೊಬ್ಬಿನ ಲೆಕ್ಕ

ಅಟ್ಟದಿಂದ ಇಳಿಸಿದ ಕಾಯಿ ಸುಲಿಯುವ ದಿನ ನಮ್ಮ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುವುದಿಲ್ಲ. ಸಿಪ್ಪೆ ಬಿಡಿಸಿ, ಚಿಪ್ಪು ಒಡೆದು, ಒಳಗಿನ ಗಿಟುಕನ್ನು ಇಡಿಯಾಗಿ ತೆಗೆಯಬೇಕು. ಎಷ್ಟೇ ನಾಜೂಕಾಗಿ ಏಟು ಹಾಕಿದರೂ ಅಲ್ಲೊಂದು ಇಲ್ಲೊಂದು ಹೋಳಾಗುತ್ತದೆ. ಉಂಡೆಯಾಗಿ ಉಳಿದದ್ದು ತಿಪಟೂರು ಮಾರುಕಟ್ಟೆಗೆ, ಹೋಳಾದದ್ದು ನಮ್ಮ ಬಾಯಿಗೆ. ಪಕ್ಕದಲ್ಲಿ ಒಂದು ಅಚ್ಚು ಬೆಲ್ಲ ಇದ್ದೇ ಇರುತ್ತದೆ. ತುರುವೇಕೆರೆ ಸೀಮೆಯ ನನ್ನಂಥವನಿಗೆ ಹುಡುಗನಾಗಿದ್ದಾಗಿನಿಂದಲೂ ಇದೇ ರೂಢಿ; ಈಗ ಅರವತ್ತೊಂದು ವರ್ಷ.

ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’, 168 ಬಂತು. ಡಾಕ್ಟರು ರಿಪೋರ್ಟ್ ನೋಡಿದರು, ಯಾವ ಊರು ಎಂದು ಕೇಳಿದರು, ಒಂದು ಮಾತ್ರೆ ಬರೆದರು, “ತೆಂಗಿನಕಾಯಿ ಬಿಟ್ಟುಬಿಡಿ” ಅಂದರು. ಮನೆಯಲ್ಲಿ ಯಾವ ಎಣ್ಣೆ ಬಳಸುತ್ತೀರಿ, ಸಂಜೆ ಹೊತ್ತು ಏನು ತಿನ್ನುತ್ತೀರಿ ಎಂದು ಕೇಳಲಿಲ್ಲ. ಮನೆಗೆ ಬಂದು ಹೇಳಿದರೆ ಎಂಬತ್ತಾರರ ನಮ್ಮವ್ವ, “ಕಾಯಿ ಇಲ್ದೆ ಎಂಥಾ ಸಾರ್ಲಾ ಅದು? ನಾನು ತಿಂದಿಲ್ವಾ? ನಂಗೇನಾಗೈತೆ?” ಎಂದು ಜಗಳಕ್ಕೇ ನಿಂತಳು. ಮರುದಿನ ಮಂಡಿಯಲ್ಲಿ ಸಿಕ್ಕ ಸ್ನೇಹಿತ ಮೊಬೈಲ್ ತೆಗೆದು, ದಿನಾ ಬೆಳಿಗ್ಗೆ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಕೊಲೆಸ್ಟ್ರಾಲ್ ಕರಗಿ ಹೋಗುತ್ತದೆ ಎಂಬ ಸಂದೇಶ ತೋರಿಸಿದ. ಮೂವರಲ್ಲಿ ಯಾರೂ ಪೂರ್ತಿ ಸರಿಯಿಲ್ಲ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಓದಬೇಕಾಯಿತು.

ಮೊದಲಿಗೆ ಒಂದು ವಿಷಯ. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ನಮ್ಮ ಕಡೆ ಎಣ್ಣೆ ಮಾರುವವರು ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಮಾತು ನಿಜ, ಆದರೆ ಉಪಯೋಗಕ್ಕೆ ಬಾರದ ನಿಜ. ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಬಹುಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಅದನ್ನು ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಲಾರಿ ಅಂದುಕೊಳ್ಳಿ. ಯಕೃತ್ತಿನ ಜೀವಕೋಶಗಳ ಮೇಲೆ ಈ ಲಾರಿಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕಗಳಿವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರಿಗೆ 1985ರಲ್ಲಿ ನೊಬೆಲ್ ಬಂತು. ಸಂತೃಪ್ತ ಕೊಬ್ಬು, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವ ಜಾತಿಯ ಕೊಬ್ಬು, ಹೆಚ್ಚಾದರೆ ಈ ಗ್ರಾಹಕಗಳ ಕೆಲಸ ತಗ್ಗುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿಗಳು ಅರ್ಧಕ್ಕರ್ಧ ಬಾರದ ದಿನ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಲೋಡು ಇಳಿಯದ ಲಾರಿಗಳು ರಸ್ತೆಯವರೆಗೂ ನಿಲ್ಲುತ್ತವೆ.

ಕೊಬ್ಬರಿ ಎಣ್ಣೆಯಲ್ಲಿ ಈ ಸಂತೃಪ್ತ ಕೊಬ್ಬು ನೂರಕ್ಕೆ ಸುಮಾರು 90. ತುಪ್ಪದಲ್ಲಿ 60ರ ಆಸುಪಾಸು, ಪಾಮೋಲಿನ್‌ನಲ್ಲಿ 40ಕ್ಕೂ ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ 20ರೊಳಗೆ, ಸೂರ್ಯಕಾಂತಿಯಲ್ಲಿ ಹತ್ತು ಹನ್ನೊಂದು. ನಮ್ಮವರು ಹೇಳುವ ಒಂದು ಸಮಜಾಯಿಷಿಯೂ ಇದೆ: ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ, ಅದು ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಅನ್ನೂ ಏರಿಸುತ್ತದೆ. ಹೌದು, ಏರಿಸುತ್ತದೆ. 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಹದಿನಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಲೇಖನ ಬಂತು. ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆ ತಿಂದವರಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರ ಎಚ್‌ಡಿಎಲ್ 4ರಷ್ಟು ಏರಿತ್ತು, ಎಲ್‌ಡಿಎಲ್ 10ರಷ್ಟು. ಆ ನಾಲ್ಕನ್ನು ಹೇಳಿ ಈ ಹತ್ತನ್ನು ನುಂಗುವುದು ತೂಕದಲ್ಲಿ ಮೋಸ ಮಾಡಿದ ಹಾಗೆ. ಮಂಡಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ?

2018ರಲ್ಲಿ ಕಾರಿನ್ ಮಿಶೆಲ್ಸ್ ಎಂಬ ಪ್ರಾಧ್ಯಾಪಕಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಉಪನ್ಯಾಸ ಕೊಡುತ್ತ ಕೊಬ್ಬರಿ ಎಣ್ಣೆಯನ್ನು ಅಪ್ಪಟ ವಿಷ ಎಂದು ಕರೆದಿದ್ದರು. ನಮ್ಮಲ್ಲಿ ಎಲ್ಲರಿಗೂ ರೇಗಿತು, ನನಗೂ ರೇಗಿತ್ತು. ಆ ಪದ ಅತಿಯಾಯಿತು ಎಂದು ಈಗಲೂ ಅನ್ನುತ್ತೇನೆ. ಆದರೆ ಇಂಥ ಸಿಟ್ಟಿನ ಮೂಲ ನನಗೆ ಗೊತ್ತು: ಹೊಟ್ಟೆಪಾಡು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು, ನಾವೆಲ್ಲ ನಾಫೆಡ್ ಖರೀದಿ ಕೇಂದ್ರದ ಮುಂದೆ ಕಾದೆವು. ಹೊಟ್ಟೆಪಾಡು ಹಾಗಿರುವಾಗ ಕೊಬ್ಬರಿ ಎಣ್ಣೆ ಅಮೃತ ಎಂದು ಯಾರಾದರೂ ಹೇಳಿದರೆ ನಂಬಬೇಕು ಅನ್ನಿಸುತ್ತದೆ. ಬೆಲೆ ಬೇಕಾದರೆ ಸರ್ಕಾರದ ಜೊತೆ ಜಗಳ ಆಡೋಣ, ಯಕೃತ್ತಿನ ಜೊತೆ ಬೇಡ.

ವಿಚಿತ್ರವೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಾವು ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಮಾಡುವವರೇ ಅಲ್ಲ. ಅದು ಮಲಯಾಳಿಗಳ, ಕರಾವಳಿಯವರ ರೂಢಿ. ನಮ್ಮದು ತಲೆಗೆ ಹಚ್ಚುವ ಎಣ್ಣೆ. ನಮ್ಮ ಕೊಬ್ಬರಿಯೂ ಗಾಣಕ್ಕಿಂತ ಹೆಚ್ಚಾಗಿ ತಿನ್ನುವುದಕ್ಕೇ ಉತ್ತರದ ರಾಜ್ಯಗಳಿಗೆ ಹೋಗುತ್ತದೆ. ಅವ್ವನ ಕಾಲದಲ್ಲಿ ಒಗ್ಗರಣೆಗೆ ಹುಚ್ಚೆಳ್ಳೆಣ್ಣೆ, ಹಬ್ಬಕ್ಕೆ ಕಡಲೆಕಾಯಿ ಎಣ್ಣೆ. ಹುಚ್ಚೆಳ್ಳಿನ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ. ಸಂತೃಪ್ತ ಕೊಬ್ಬಿನ ಜಾಗದಲ್ಲಿ ಅದು ಕೂತರೆ ಎಲ್‌ಡಿಎಲ್ ಇಳಿಯುತ್ತದೆ. ಸಾರಿಗೆ ಕಾಯಿ, ಒಗ್ಗರಣೆಗೆ ಹುಚ್ಚೆಳ್ಳು, ಜೊತೆಗೆ ರಾಗಿ ಮುದ್ದೆ, ಅವರೆಕಾಳು, ಮೈಮುರಿಯುವ ದುಡಿಮೆ: ಅವ್ವ ತಿಂದದ್ದು ಇದು. “ನಾನು ತಿಂದಿಲ್ವಾ” ಅನ್ನುವಾಗ ಅವಳು ಕಾಯಿಯೊಂದನ್ನೇ ಹೇಳುತ್ತಾಳೆ. ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರ ಕಥೆಯೂ ಹೀಗೇ. ಅವರ ಆಹಾರದ ಶಕ್ತಿಯಲ್ಲಿ ನೂರಕ್ಕೆ 63ರಷ್ಟು ತೆಂಗಿನಿಂದಲೇ ಬರುತ್ತಿತ್ತು, ಆದರೂ ಹೃದ್ರೋಗ ಅಪರೂಪ ಎಂದು 1981ರ ಅಧ್ಯಯನ ಹೇಳಿತು. ತೆಂಗು ಕಡಿಮೆ ತಿನ್ನುವ ಪುಕಪುಕ ದ್ವೀಪದವರಿಗಿಂತ ಅವರ ಕೊಲೆಸ್ಟ್ರಾಲ್ ಜಾಸ್ತಿ ಇತ್ತು ಎಂದೂ ಅದೇ ಅಧ್ಯಯನ ಹೇಳಿದೆ. ಎರಡನೆಯ ವಾಕ್ಯ ನಮ್ಮ ವಾಟ್ಸಾಪಿಗೆ ಬರುವುದಿಲ್ಲ.

ಆಮೇಲೆ ಪಡಿತರದ ಪಾಮೋಲಿನ್ ಬಂತು, ಅಂಗಡಿಯ ಪ್ಯಾಕೆಟ್ ಬಂತು, ಹುಚ್ಚೆಳ್ಳು ಬಿತ್ತುವುದೇ ನಿಂತಿತು. ಬಸ್ ಸ್ಟ್ಯಾಂಡಿನ ಬೋಂಡ, ಬೇಕರಿಯ ಪಫ್ಸು ದಿನದ ಮಾತಾಯಿತು. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. 2022ರ ಜನವರಿಯಿಂದ ಅದಕ್ಕೆ ನೂರಕ್ಕೆ 2ರ ಮಿತಿ ಹಾಕಿದ್ದಾರೆ, ಒಳ್ಳೆಯದಾಯಿತು.

ಇನ್ನು ನನ್ನ ಲೆಕ್ಕ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ತಿನ್ನುವವನು ಸಂತೃಪ್ತ ಕೊಬ್ಬನ್ನು 22 ಗ್ರಾಮಿನೊಳಗೆ ಇಟ್ಟುಕೊಳ್ಳಬೇಕು. ನೂರು ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 30 ಗ್ರಾಂ ಇದೆ. ನನ್ನ ಹೆಂಡತಿ ಅಷ್ಟು ಕಾಯಿ ಹಾಕಿ ಮಾಡುವ ಸಾರನ್ನು ಐದು ಜನ ಎರಡು ಹೊತ್ತು ಉಣ್ಣುತ್ತೇವೆ, ನನ್ನ ಪಾಲಿಗೆ ಆರು ಗ್ರಾಂ. ಅದರಿಂದ ಏನೂ ಮುಳುಗುವುದಿಲ್ಲ. ಆದರೆ ಕಾಯಿ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಕೂತು ನೀರು ಆರಿ ಗಿಟುಕಾದಾಗ ಕೊಬ್ಬು ನೂರಕ್ಕೆ 65ರ ಹತ್ತಿರ ಹೋಗುತ್ತದೆ. ಸುಲಿಯುವ ದಿನ ನಾನು ಮಾತಾಡುತ್ತ ಅಗಿಯುವ ಅರ್ಧ ಗಿಟುಕು ಅರವತ್ತು ಗ್ರಾಂ ಆದರೂ ತೂಗುತ್ತದೆ. ಅಲ್ಲಿಗೆ ಸಂತೃಪ್ತ ಕೊಬ್ಬು 30 ಗ್ರಾಂ ದಾಟಿತು, ದಿನದ ಮಿತಿ ಮುಗಿದು ನಾಳೆಯದಕ್ಕೂ ಕೈ ಹಾಕಿದ ಹಾಗೆ. ಬೆಲ್ಲ ಬೇರೆ.

ಈಗ ಸಾರಿಗೆ, ಚಟ್ನಿಗೆ ಕಾಯಿ ಹಾಕುತ್ತೇವೆ. ಅಡುಗೆಗೆ ಕಡಲೆಕಾಯಿ ಎಣ್ಣೆ ಒಂದು ತಿಂಗಳು, ಸೂರ್ಯಕಾಂತಿ ಒಂದು ತಿಂಗಳು, ಅದೂ ಅಳತೆಯಲ್ಲಿ. ಬೋಂಡ ಬಿಟ್ಟೆ. ಮಾತ್ರೆ ಬಿಟ್ಟಿಲ್ಲ. ಹೋಳಾದ ಗಿಟುಕನ್ನು ಮಕ್ಕಳಿಗೆ ಚೂರು ಚೂರು ಕೊಟ್ಟು ಉಳಿದದ್ದನ್ನು ಗಾಣಕ್ಕೆ ಕಳಿಸುತ್ತೇವೆ. ಬದುವಿನಲ್ಲಿ ಈ ಸಲ ನಾಲ್ಕು ಸಾಲು ಹುಚ್ಚೆಳ್ಳು ಬಿತ್ತಿಸಿದ್ದೇನೆ, ಅವ್ವನಿಗೆ ಖುಷಿ.

ಡಾಕ್ಟರುಗಳಲ್ಲಿ ಒಂದು ವಿನಂತಿ: ತೆಂಗಿನ ನಾಡಿನವನು ಬಂದರೆ ಕಾಯಿ ಬಿಡಿ ಅನ್ನುವ ಮೊದಲು ಎಣ್ಣೆ ಯಾವುದು, ಎಷ್ಟು ಎಂದು ಕೇಳಿ. ನಮ್ಮ ಕಡೆ ಹೊಸದಾಗಿ ಕೊಬ್ಬರಿ ಎಣ್ಣೆ ಬಾಟಲಿ ತುಂಬಿಸುತ್ತಿರುವ ರೈತ ಕಂಪನಿಗಳ ಗೆಳೆಯರಲ್ಲಿ ಇನ್ನೊಂದು: ರುಚಿ ಹೇಳಿ, ಪರಿಮಳ ಹೇಳಿ, ತಲೆಗೂದಲಿಗೆ ಒಳ್ಳೆಯದು ಎನ್ನಿ. ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಸಾಲನ್ನು ಮಾತ್ರ ಲೇಬಲ್ಲಿನಿಂದ ತೆಗೆಯಿರಿ. ಆ ಜಾಗದಲ್ಲಿ, ಹಿಂಬದಿಯ ಸಣ್ಣ ಅಕ್ಷರದಲ್ಲಿ ಅಡಗಿರುವ ಸಂತೃಪ್ತ ಕೊಬ್ಬಿನ ಅಂಕಿಯನ್ನು ದೊಡ್ಡದಾಗಿ ಹಾಕಿ.