ಶೂಮನ್ನನ ಪಿಯಾನೋ ಕೃತಿಗಳೂ ಆತನ ಯೌವನದ ಪ್ರೇಮಗಳೂ

ಪಿಯಾನೋ ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿನಿಯರು ರಾಬರ್ಟ್ ಶೂಮನ್ನನ ಹೆಸರನ್ನು ಕೇಳಿದೊಡನೆ ಮೊದಲು ಆತನ ಪ್ರೇಮಕಥೆಯನ್ನು ನೆನೆಯುತ್ತಾರೆ. ಸ್ವರಗಳ ನೆನಪು ಆಮೇಲೆ. ಪ್ರೇಮವೇ ಆ ಸಂಗೀತವನ್ನು ಬರೆಯಿಸಿತೆಂಬ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ.

1810ರಲ್ಲಿ ಜರ್ಮನಿಯ ತ್ಸ್ವಿಕಾವ್ ಪಟ್ಟಣದಲ್ಲಿ ಜನಿಸಿದ ಈತನು ತನ್ನ ಮೊದಲ ಇಪ್ಪತ್ತಮೂರು ಕೃತಿಗಳನ್ನು ಪಿಯಾನೋವಿಗಾಗಿಯೇ ರಚಿಸಿದನು. ಮೊತ್ತಮೊದಲನೆಯದು ಮೇಟಾ ಆಬೆಗ್ ಎಂಬ ಪರಿಚಿತ ಯುವತಿಯ ಹೆಸರಿನ ಅಕ್ಷರಗಳನ್ನೇ ಸ್ವರಗಳನ್ನಾಗಿಸಿ ಹೆಣೆದುದು. ಇದನ್ನು ಪ್ರೇಮವೆನ್ನುವುದಕ್ಕಿಂತ ವಿನೋದವೆನ್ನುವುದೇ ಯುಕ್ತ.

1834ರಲ್ಲಿ ಎರ್ನೆಸ್ಟೀನ್ ಫಾನ್ ಫ್ರಿಕೆನ್ ಎಂಬ 17 ವರ್ಷದ ಕನ್ಯೆಯು ಫ್ರೀಡ್ರಿಕ್ ವೀಕ್ ಎಂಬ ಉಪಾಧ್ಯಾಯನಲ್ಲಿ ಪಿಯಾನೋ ಕಲಿಯಲು ಲೈಪ್ಸಿಗ್ ನಗರಕ್ಕೆ ಬಂದಳು. ಶೂಮನ್ನನಿಗೂ ಆಕೆಗೂ ಗುಟ್ಟಾಗಿ ವಿವಾಹನಿಶ್ಚಯವಾಯಿತು. ಆಕೆಯ ಊರು ಬೊಹೀಮಿಯಾದ ಆಶ್. ಆ ಹೆಸರಿನ ಅಕ್ಷರಗಳು ಜರ್ಮನ್ ಪದ್ಧತಿಯಲ್ಲಿ ಸ್ವರಗಳ ಹೆಸರುಗಳೂ ಆಗಿವೆ. ಅಲ್ಲಿ 'ಎಸ್' ಎಂದರೆ ನಾವು ಇ ಫ್ಲ್ಯಾಟ್ ಎನ್ನುವ ಸ್ವರ, 'ಹಾ' ಎಂದರೆ ನಮ್ಮ ಬಿ. ಇಷ್ಟೇ ಬಂಡವಾಳದಿಂದ 'ಕಾರ್ನವಾಲ್' ಎಂಬ ಕೃತಿಗುಚ್ಛವು ಬೆಳೆಯಿತು. ಅದರೊಳಗೆ 'ಎಸ್ಟ್ರೆಲ್ಲಾ' ಎಂಬುದು ಎರ್ನೆಸ್ಟೀನಳ ಚಿತ್ರ. ಆಕೆಯ ಸಾಕುತಂದೆಯು ರಚಿಸಿದ ಒಂದು ರಾಗವು 'ಸಿಂಫೋನಿಕ್ ಅಭ್ಯಾಸ'ಗಳಿಗೆ ಬೀಜವಾಯಿತು. ನಿಶ್ಚಯವೇನೋ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ 1837ರಲ್ಲಿ 'ಕಾರ್ನವಾಲ್' ಅಚ್ಚಾದಾಗ ಆ ಸ್ವರಗಳು ಇದ್ದಲ್ಲಿಯೇ ಇದ್ದವು! ಪ್ರೇಮವು ಹೋದ ಮೇಲೂ ಕೃತಿಯು ನಿಂತಿತೆಂದರೆ, ಅದನ್ನು ನಿಲ್ಲಿಸಿದುದು ಕುಶಲತೆಯೇ ಹೊರತು ಮತ್ತೇನು?

ವೀಕನ ಮಗಳಾದ ಕ್ಲಾರಾಳ ವಿಷಯವು ಬೇರೆ. ಆಕೆಯು ಕೇವಲ ಪ್ರೇಯಸಿಯಲ್ಲ, ಸ್ವತಃ ವಿದ್ವಾಂಸಳು. 1835ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ಮೆಂಡೆಲ್ಸನ್ನನು ವಾದ್ಯವೃಂದವನ್ನು ನಡೆಯಿಸುತ್ತಿರಲು, ತಾನೇ ರಚಿಸಿದ ಕಂಚೆರ್ಟೋವನ್ನು ನುಡಿಸಿದಳು. ಶೂಮನ್ನನ 'ದಾವೀದನ ಬಳಗದವರ ನೃತ್ಯಗಳು' ಆರಂಭವಾಗುವುದು ಆಕೆಯ ಮಜುರ್ಕಾದಿಂದ. ಐದನೆಯ ಕೃತಿಯ ರಾಗವೂ ಆಕೆಯದೇ. ತಂದೆಯು ಅವರಿಬ್ಬರನ್ನು ಅಗಲಿಸಿದ್ದ 1836ರಲ್ಲಿ ಸಿ ಮೇಜರ್ 'ಫ್ಯಾಂಟಸಿ'ಯು ಮೂಡಿತು. ಅದರ ಮೊದಲ ಭಾಗವು ಆಕೆಗಾಗಿ ಮಾಡಿದ ಪ್ರಲಾಪವೆಂದು ಆತನೇ ಆಕೆಗೆ ಬರೆದನು. ನ್ಯಾಯಾಲಯದ ಮೆಟ್ಟಲೇರಿದ ಮೇಲೆ, 1840ರ ಸೆಪ್ಟೆಂಬರ್ 12ರಂದು, ಕ್ಲಾರಾಳಿಗೆ 21 ತುಂಬುವ ಮುನ್ನಾದಿನ, ಅವರ ವಿವಾಹವಾಯಿತು.

ಇಲ್ಲಿಗೆ ಕಥೆ ಹೇಳುವವರು ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ನಮ್ಮ ಮನಸ್ಸನ್ನು ಕಲಕುವುದು ಅವರು ಬಿಟ್ಟ ಪುಟಗಳೇ. ಸ್ತ್ರೀಯು ಸಂಗೀತರಚನೆಯನ್ನು ಬಯಸಬಾರದೆಂದು, ಈವರೆಗೆ ಯಾವಳಿಂದಲೂ ಅದು ಸಾಧ್ಯವಾಗಿಲ್ಲವೆಂದು ಕ್ಲಾರಾಳು 1839ರಲ್ಲಿ ತನ್ನ ದಿನಚರಿಯಲ್ಲಿ ಬರೆದುಕೊಂಡಳು. ವಿವಾಹದ ತರುವಾಯ ಪತಿಯು ರಚನೆಯಲ್ಲಿ ಮಗ್ನನಾಗಿರುವಾಗ ಆಕೆಯು ಪಿಯಾನೋವನ್ನು ಮುಟ್ಟುವಂತಿರಲಿಲ್ಲ, ಸದ್ದು ಕೇಳಿಸುತ್ತಿತ್ತು. ಯಾರ ರಾಗವನ್ನು ಎತ್ತಿಕೊಂಡು ಅಷ್ಟು ಕೃತಿಗಳು ಹುಟ್ಟಿದವೋ ಆಕೆಯೇ ವಾದ್ಯವನ್ನು ಮುಚ್ಚಿಟ್ಟು ಕಾಯಬೇಕಾಯಿತು. ಎಂಟು ಮಕ್ಕಳ ತಾಯಿಯಾದಳು. 1856ರಲ್ಲಿ ವಿಧವೆಯಾದ ಬಳಿಕ ಊರೂರು ತಿರುಗಿ ಕಚೇರಿ ನಡೆಯಿಸಿ ಮಕ್ಕಳನ್ನು ಸಾಕಿದಳು. ಪತಿಯ ಸಮಗ್ರ ಕೃತಿಗಳನ್ನು ಪರಿಷ್ಕರಿಸಿ ಅಚ್ಚುಹಾಕಿಸಿದಳು. ಸ್ವಂತ ರಚನೆಯನ್ನು ಮಾತ್ರ ಬಹುಮಟ್ಟಿಗೆ ಬಿಟ್ಟುಬಿಟ್ಟಳು.

ಪ್ರೇಮವು ಶೂಮನ್ನನಿಗೆ ಏನನ್ನು ಕೊಟ್ಟಿತೆಂದು ಕೇಳುವವರು, ಅದೇ ಪ್ರೇಮವು ಕ್ಲಾರಾಳಿಂದ ಏನನ್ನು ಪಡೆಯಿತೆಂದು ಕೂಡ ಕೇಳಬೇಕಲ್ಲವೇ? ಮುಂದಿನ ವಾರ್ಷಿಕೋತ್ಸವದಲ್ಲಿ ಶೂಮನ್ನನ 'ಬಾಲ್ಯದ ದೃಶ್ಯಗಳು' ನುಡಿಸಲ್ಪಡುವುದಾದರೆ, ಅದಕ್ಕಿಂತ ಮುಂಚೆ ಕ್ಲಾರಾಳ ಆ ಮಜುರ್ಕಾ ಕೇಳಿಸಬೇಕೆಂದು ಸಂಗೀತದ ಉಪಾಧ್ಯಾಯಿನಿಯವರಲ್ಲಿ ಅರಿಕೆಮಾಡಿಕೊಂಡಿದ್ದೇವೆ. ಕಾರ್ಯಕ್ರಮಪತ್ರಿಕೆಯಲ್ಲಿ ಆಕೆಯ ಹೆಸರು ಪತಿಯ ಹೆಸರಿನ ಅಡಿಯಲ್ಲಲ್ಲ, ಬೇರೆಯೇ ಒಂದು ಸಾಲಿನಲ್ಲಿ ಅಚ್ಚಾಗಲಿ.