ಸಾಕುವ ಮನಸ್ಸಿದ್ದವರನ್ನು ತಡೆಯಬೇಡಿ

ಬಾಲಮಂದಿರದ ಮಗುವನ್ನು ಸಾಕುತ್ತೇವೆಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಬೇಡವೆನ್ನುವ ಹಿತೈಷಿಗಳು ಹತ್ತು ಮಂದಿ. ಅವರ ಮಾತು ಕೇಳಿ ಹಿಂಜರಿದ ಪ್ರತಿ ಮನೆಯಿಂದಲೂ ನಷ್ಟವಾಗುವುದು ಒಂದು ಮಗುವಿಗೆ. ಹಾಗಾಗಿ ಅವರ ಒಂದೊಂದು ಮಾತಿಗೂ ಉತ್ತರ ಕೊಡಲೇಬೇಕು.

'ಯಾವ ಜಾತಿಯೋ, ಯಾರ ರಕ್ತವೋ!'
ಭದ್ರಾವತಿಯಲ್ಲಂತೂ ಈ ಮಾತು ಹುಟ್ಟಬಾರದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ ಮೇಲೆ ಕನ್ನಡಿಗರ ಜೊತೆ ತಮಿಳರು, ತೆಲುಗರು, ಮಲಯಾಳಿಗಳು ದುಡಿದು ಬೆಳೆಸಿದ ಊರದು. ಅಕ್ಕಪಕ್ಕದ ಕ್ವಾರ್ಟರ್ಸ್ ಮಕ್ಕಳಿಗೆ ಅನ್ನ ಬಡಿಸುವಾಗ ಕೇಳದ ಜಾತಿಯನ್ನು ಈ ಮಗುವಿಗೆ ಕೇಳುವುದೇಕೆ? ದತ್ತು ಆದೇಶವಾದ ದಿನದಿಂದ ಆಸ್ತಿಯ ಹಕ್ಕಿನಲ್ಲೂ ಅದು ಹೆತ್ತ ಮಗುವಿಗೆ ಸಮ.

'ಬಾಲಮಂದಿರದಲ್ಲಿ ಊಟ, ಬಟ್ಟೆ, ಶಾಲೆ ಎಲ್ಲ ಇದೆಯಲ್ಲ?'
ಇದೆ. ಅಲ್ಲಿನ ಸಿಬ್ಬಂದಿಯ ದುಡಿಮೆಗೆ ಗೌರವವೂ ಇರಲಿ. ಆದರೆ ಸಿಬ್ಬಂದಿಗೆ ವರ್ಗವಾಗುತ್ತದೆ, ಮಗುವಿಗೆ 18 ತುಂಬುತ್ತದೆ. ಆಮೇಲೆ ಕೆಲಸ ಹೋದಾಗ, ಬಾಣಂತನದ ಹೊತ್ತಿಗೆ, ಯುಗಾದಿಗೆ ಯಾರ ಮನೆಗೆ ಹೋಗಬೇಕು? ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

'ದೊಡ್ಡ ಮಕ್ಕಳು ಹೊಂದಿಕೊಳ್ಳುವುದಿಲ್ಲ.'
ಸಮಯ ಬೇಕು, ನಿಜ. ಮೊದಮೊದಲು ತಿಂಡಿ ಬಚ್ಚಿಟ್ಟುಕೊಳ್ಳಬಹುದು, ಸುಳ್ಳು ಹೇಳಬಹುದು, ರಾತ್ರಿ ಬೆಚ್ಚಿ ಏಳಬಹುದು. ಮತ್ತೆ ಕೈಬಿಟ್ಟಾರೆಂಬ ಭಯ ಅದು. ಬುದ್ಧಿವಾದಕ್ಕೆ ಅದು ಕರಗದು. ನಾಳೆಯೂ ಇದೇ ಮನೆ, ಇದೇ ಜನ ಎಂದು ದಿನದಿನವೂ ಖಾತ್ರಿಯಾಗಬೇಕು. ಅದಕ್ಕೆಂದೇ ಪೋಷಕತ್ವದ (ಫಾಸ್ಟರ್ ಕೇರ್) ದಾರಿಯಿದೆ. ಆರು ದಾಟಿದ ಮಗುವನ್ನು ಮೊದಲು ಸಾಕಿ, ಅದು ದತ್ತುವಿಗೆ ಅರ್ಹವಾಗಿದ್ದರೆ, 2024ರ ಮಾರ್ಗಸೂಚಿಯಂತೆ ಎರಡು ವರ್ಷದ ಬಳಿಕ ದತ್ತು ಪಡೆಯಬಹುದು. ಹಿಂದೆ ಐದು ವರ್ಷ ಕಾಯಬೇಕಿತ್ತು. ಒಂಟಿಯಾಗಿರುವವರಿಗೂ ಈಗ ಪೋಷಕರಾಗಲು ಅವಕಾಶವಿದೆ.

'ಹೆತ್ತವರು ಬಂದು ಕರೆದೊಯ್ದರೆ?'
ಪೋಷಕತ್ವದಲ್ಲಿರುವ ಕೆಲವು ಮಕ್ಕಳ ವಿಷಯದಲ್ಲಿ ಹಾಗಾಗುತ್ತದೆ. ಹೆತ್ತವರು ಚೇತರಿಸಿಕೊಂಡಿದ್ದರೆ ಆಗಲೂಬೇಕು. ಆ ಸಂಕಟ ದೊಡ್ಡವರು ನುಂಗಿಕೊಳ್ಳಬೇಕಾದದ್ದು. ಅದರ ಭಯಕ್ಕೆ ಮಗುವಿನ ಎರಡು ವರ್ಷದ ಅಕ್ಕರೆಯನ್ನು ತಪ್ಪಿಸುವುದು ನ್ಯಾಯವಲ್ಲ.

'ವಯಸ್ಸಾಯಿತು, ಕೋರ್ಟು ಅಲೆಯಲಾಗದು.'
ಎಂಟು ದಾಟಿದ ಮಗುವನ್ನು ದತ್ತು ಪಡೆಯಲು ದಂಪತಿಯ ವಯಸ್ಸು ಕೂಡಿ 110 ಮೀರದಿದ್ದರಾಯಿತು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವವರು ಜಿಲ್ಲಾಧಿಕಾರಿ.

ಮನಸ್ಸಿದ್ದವರು ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ಮಗು ಪಡೆಯುವುದು ಅಪರಾಧ. ಸಾಕಲಾಗದವರು ಸಾಕುವವರಿಗೆ ಒತ್ತಾಸೆಯಾಗಿ ನಿಲ್ಲಿ. ಮಗುವಿನ ಎದುರು 'ಇದು ನಿಮ್ಮದೇನಾ?' ಎಂದು ಕೇಳದಿದ್ದರೂ ದೊಡ್ಡ ಉಪಕಾರ.