ನರರಕ್ಷಕ ಔಷಧ: ಭರವಸೆಯೂ ಪ್ರಮಾಣವೂ

ನಮ್ಮ ಊರುಗಳಲ್ಲಿ ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಮರಳುವಾಗ ಬಂಧುಗಳ ಕೈಯಲ್ಲಿರುವ ಔಷಧದ ಚೀಟಿಯಲ್ಲಿ, ರಕ್ತದೊತ್ತಡದ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಇವುಗಳ ಸಾಲಿನಲ್ಲಿ ಸಿಟಿಕೋಲಿನ್ ಎಂಬ ಹೆಸರೂ ಅನೇಕ ವೇಳೆ ಕಂಡುಬರುವುದುಂಟು. ಘಾಸಿಗೊಂಡ ಮೆದುಳಿನ ಕೋಶಗಳನ್ನು ಇದು ಕಾಪಾಡುವುದೆಂಬ ನಂಬಿಕೆಯಿಂದ, ಮನೆಯ ಉಳಿದ ಖರ್ಚನ್ನು ಬಿಗಿಹಿಡಿದಾದರೂ ತಿಂಗಳುಗಟ್ಟಲೆ ಇದನ್ನು ಕೊಳ್ಳುವ ಕುಟುಂಬಗಳಿವೆ. ಆದರೆ ಸ್ಪೇನ್, ಪೋರ್ಚುಗಲ್, ಜರ್ಮನಿಗಳಲ್ಲಿ 2298 ರೋಗಿಗಳನ್ನೊಳಗೊಂಡು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಘಾತವಾದ 24 ಗಂಟೆಗಳೊಳಗೆ ಆರಂಭಿಸಿ ಆರು ವಾರ ಕೊಟ್ಟ ಈ ಔಷಧಕ್ಕೂ ಔಷಧಗುಣವೇ ಇಲ್ಲದ ಹುಸಿಮದ್ದಿಗೂ ಫಲದಲ್ಲಿ ಭೇದ ಕಾಣದೆ, ಮುಂದುವರಿಸಿ ಪ್ರಯೋಜನವಿಲ್ಲವೆಂದು ಪರೀಕ್ಷೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಇಷ್ಟಾದ ಮೇಲೂ ಅದು ಚೀಟಿಗಳಲ್ಲಿ ಉಳಿದುಕೊಂಡಿರುವುದನ್ನು ನಾವು ಸಹಜವೆಂದು ಸ್ವೀಕರಿಸಬಾರದೆಂಬುದು ನನ್ನ ಅಭಿಪ್ರಾಯ.

ಹಾಗೆಂದು ನರರಕ್ಷಣೆಯ ಕಲ್ಪನೆಯೇ ಪೊಳ್ಳೆಂದು ತಿಳಿಯತಕ್ಕದ್ದಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಅದರ ಆಶ್ರಯದಲ್ಲಿದ್ದ ಭಾಗದ ನಡುವಣ ಕೋಶಗಳು ಕೆಲವೇ ನಿಮಿಷಗಳಲ್ಲಿ ಸತ್ತುಹೋಗುವುವಾದರೂ, ಅದರ ಸುತ್ತಲೂ, ನೆರೆಯ ನಾಳಗಳಿಂದ ಒಸರುವ ಅಲ್ಪ ರಕ್ತದಿಂದ ಜೀವ ಹಿಡಿದುಕೊಂಡು, ಕೆಲಸ ನಿಲ್ಲಿಸಿಯೂ ಸಾಯದೆ ಕಾದಿರುವ ವಲಯವೊಂದಿರುತ್ತದೆ. ಅಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಸುರಿದು, ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿ, ಆಮ್ಲಜನಕದ ಉಗ್ರ ಕಣಗಳು ಹುಟ್ಟಿ, ಒಂದು ಹಾನಿ ಇನ್ನೊಂದನ್ನು ಎಳೆದು ತರುವುದು. ದೊಡ್ಡ ನಾಳ ಮುಚ್ಚಿ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುವುವೆಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕಹಾಕಿದರು. ಈ ನಾಶಪರಂಪರೆಯನ್ನು ಎಲ್ಲಿಯಾದರೂ ತಡೆಯಬೇಕೆಂಬ ಹಂಬಲ ನ್ಯಾಯವಾದುದೇ. ಆದರೆ ಅದೇ ವರ್ಷ ಪ್ರಕಟವಾದ ಸಮೀಕ್ಷೆಯೊಂದು, ಪ್ರಯೋಗಕ್ಕೊಳಗಾದ 1026 ಉಪಾಯಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಮನುಷ್ಯರವರೆಗೆ ಬಂದವು 114 ಮಾತ್ರವೆಂದು ತೋರಿಸಿತು. ಎನ್‌ಎಕ್ಸ್‌ವೈ-059 ಎಂಬ ಔಷಧವಂತೂ ಮೊದಲ ದೊಡ್ಡ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿ, ಮೂರು ಸಾವಿರಕ್ಕೂ ಮಿಕ್ಕ ರೋಗಿಗಳ ಎರಡನೆಯ ಪರೀಕ್ಷೆಯಲ್ಲಿ, 2007ರಲ್ಲಿ, ನಿಷ್ಫಲವೆನಿಸಿತು.

ಇಲಿಗಳಲ್ಲಿ ಗೆದ್ದುದು ಮನುಷ್ಯರಲ್ಲಿ ಸೋತುದೇಕೆ? ಪ್ರಯೋಗಶಾಲೆಯ ಇಲಿ ಎಳೆಯದು, ನಿರೋಗಿ. ಅದರ ನಾಳವನ್ನು ಮುಚ್ಚಿದ ಕೈಯೇ ಅನೇಕ ವೇಳೆ ಅದನ್ನು ತೆರೆಯುವುದು, ಔಷಧವೂ ನಿಮಿಷಗಳ ಅಂತರದಲ್ಲಿ ಒಳಸೇರುವುದು. ನಮ್ಮ ರೋಗಿಯಾದರೋ ವಯಸ್ಸಾದವನು, ಮಧುಮೇಹವೋ ರಕ್ತದೊತ್ತಡವೋ ಉಳ್ಳವನು, ನಾಟಿಮದ್ದನ್ನೋ ಮಾಲೀಸನ್ನೋ ಮಾಡಿಸಿಕೊಂಡು ಅರ್ಧ ದಿನ ಕಳೆದ ಮೇಲೆ ಆಸ್ಪತ್ರೆಗೆ ಬರುವವನು. ನಾಲೆಯೇ ಹೂತುಹೋಗಿರುವಾಗ ಮೇಲ್ಗಡೆ ಕದಡಿದ ಗೊಬ್ಬರ ಕೆಳಗಿನ ಗದ್ದೆಯನ್ನು ತಲಪುವುದೆಂತು? ವಿಳಂಬವೊಂದೇ ಕಾರಣವೆಂದು ತಿಳಿದವರು ಲಾಸ್ ಏಂಜಲೀಸ್ ಪ್ರಾಂತದಲ್ಲಿ 1700 ರೋಗಿಗಳಿಗೆ ಆಂಬುಲೆನ್ಸ್ ಸಿಬ್ಬಂದಿಯಿಂದಲೇ ಮೆಗ್ನೀಸಿಯಂ ಕೊಡಿಸಿದರು. ಅರ್ಧದಷ್ಟು ಜನರಿಗೆ ಲಕ್ಷಣ ಕಂಡ 45 ನಿಮಿಷಗಳೊಳಗೆ ಔಷಧ ದೊರೆತರೂ, 2015ರಲ್ಲಿ ಪ್ರಕಟವಾದ ಫಲ ಶೂನ್ಯವೇ ಆಗಿದ್ದಿತು.

ಆದರೆ ಅದೇ 2015ರಲ್ಲಿ, ನಾಳದೊಳಗೆ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯ ಗುಣವು ಹಲವು ಪರೀಕ್ಷೆಗಳಿಂದ ಸ್ಥಾಪಿತವಾದುದರಿಂದ, ಇಲಿಯಲ್ಲಿದ್ದ ಅನುಕೂಲ ಮನುಷ್ಯನಿಗೂ ಮೊದಲ ಬಾರಿಗೆ ಒದಗಿತು. ನೆರಿನೆಟೈಡ್ ಎಂಬ ಔಷಧವನ್ನು ಇಂತಹ 1105 ರೋಗಿಗಳಲ್ಲಿ ಪರೀಕ್ಷಿಸಿದಾಗ, 2020ರಲ್ಲಿ, ಒಟ್ಟಾರೆ ಲಾಭ ಕಾಣಲಿಲ್ಲ. ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಪಡೆಯದವರಲ್ಲಿ ಮಾತ್ರ ಗುಣದ ಸೂಚನೆ ಕಂಡಿತು. ಆಲ್ಟಿಪ್ಲೇಸ್ ಚುರುಕುಗೊಳಿಸುವ ಕಿಣ್ವವೇ ನೆರಿನೆಟೈಡನ್ನು ತುಂಡರಿಸುವುದೆಂಬ ವಿವರಣೆ ಯುಕ್ತವಾಗಿಯೇ ಇತ್ತು; ಆದರೂ ಮುಂದಿನ ಪರೀಕ್ಷೆ ಆ ಸೂಚನೆಯನ್ನು ಎತ್ತಿಹಿಡಿಯಲಿಲ್ಲ. ಒಂದು ಗುಂಪಿನಲ್ಲಿ ಮಿಂಚಿದ ಫಲವನ್ನು ಸಿದ್ಧಾಂತವೆಂದು ಬಗೆಯುವವರು ಇದನ್ನು ನೆನಪಿಡಬೇಕು.

ಜಪಾನ್ ದೇಶವು 2001ರಿಂದಲೂ ಎಡರಾವೋನ್ ಎಂಬ ನರರಕ್ಷಕವನ್ನು ಬಳಸುತ್ತ ಬಂದಿದೆ; ಅದಕ್ಕೆ ಡೆಕ್ಸ್‌ಬೋರ್ನಿಯಾಲ್ ಬೆರೆಸಿದ ಔಷಧಕ್ಕೆ ಚೀನದ 1165 ರೋಗಿಗಳ ಪರೀಕ್ಷೆಯಲ್ಲಿ ಗುಣ ಕಂಡಿತು. ಭಾರತವು 2023ರಲ್ಲಿ ಸೋವಟೆಲ್ಟೈಡ್ ಎಂಬ ಔಷಧಕ್ಕೆ ಅನುಮತಿ ನೀಡಿತು. ಸಂತೋಷವೇ, ಆದರೆ ಅದಕ್ಕೆ ಆಧಾರವಾದ ಮೂರನೆಯ ಹಂತದ ಪರೀಕ್ಷೆಯಲ್ಲಿದ್ದವರು 150ಕ್ಕಿಂತ ಸ್ವಲ್ಪವೇ ಹೆಚ್ಚು. ಸಾವಿರಗಟ್ಟಲೆ ರೋಗಿಗಳ ಪರೀಕ್ಷೆಗಳು ಇಷ್ಟು ಆಸೆಗಳನ್ನು ಮಣ್ಣುಗೂಡಿಸಿದ ಕ್ಷೇತ್ರದಲ್ಲಿ ಇದು ಸಾಲದು. ನಿಮ್ಹಾನ್ಸಿನಂತಹ ಸಂಸ್ಥೆಗಳೂ ಜಿಲ್ಲಾ ಆಸ್ಪತ್ರೆಗಳೂ ಕೂಡಿ, ಕಂಪನಿಯ ಹಣದ ಹಂಗಿಲ್ಲದೆ, ನಾಳ ತೆರೆದವರಲ್ಲಿಯೂ ತೆರೆಯದವರಲ್ಲಿಯೂ ಇದನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಲು ಸರ್ಕಾರವು ಧನ ಒದಗಿಸಬೇಕು.

ಅಲ್ಲಿಯವರೆಗೆ, ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ದೊರೆಯುವ ಆಸ್ಪತ್ರೆ ಯಾವುದೆಂಬುದು ಪ್ರತಿ ತಾಲ್ಲೂಕಿನ ಜನಕ್ಕೂ ಆಂಬುಲೆನ್ಸಿನವರಿಗೂ ಗೊತ್ತಿರಬೇಕಾದುದು ಮೊದಲ ಕೆಲಸ. ನರರಕ್ಷಕವೆಂದು ಗುಳಿಗೆ ಬರೆಯುವ ವೈದ್ಯರು, ಅದರ ಗುಣ ಸಿದ್ಧವಾಗಿಲ್ಲವೆಂಬ ಸಂಗತಿಯನ್ನು ಬಂಧುಗಳಿಗೆ ಬಾಯಿಬಿಟ್ಟು ಹೇಳಲಿ; ಆ ಹಣದಲ್ಲಿ ಎರಡು ತಿಂಗಳ ಫಿಸಿಯೋಥೆರಪಿಯನ್ನು ಮನೆಯಲ್ಲಿಯೇ ಮಾಡಿಸಬಹುದೆ ಎಂಬುದನ್ನು ಅವರು ಆಮೇಲೆ ನಿರ್ಧರಿಸಿಕೊಳ್ಳುವರು.